‘ಕಾರ್ಮಿಕ’ ಎಂಬ ಏಕವಚನ: ಭದ್ರಾವತಿಯನ್ನು ಓದುವ ಕಷ್ಟ

ನನ್ನ ಪಿಎಚ್.ಡಿ. ಸಿನಾಪ್ಸಿಸ್ಸಿನ ಮೊದಲ ಪುಟದಲ್ಲಿ ಒಂದು ವಾಕ್ಯವಿತ್ತು: ‘ಭದ್ರಾವತಿಯ ಕಾರ್ಮಿಕ ತನ್ನ ವರ್ಗಪ್ರಜ್ಞೆಯನ್ನು ಕಳೆದುಕೊಂಡು ಜಾತಿ ಮತ್ತು ವ್ಯಕ್ತಿಪೂಜೆಯ ರಾಜಕಾರಣಕ್ಕೆ ಶರಣಾದ ಬಗೆಯನ್ನು ಈ ಅಧ್ಯಯನ ಶೋಧಿಸುತ್ತದೆ.’ ಬರೆದ ದಿನ ಹೆಮ್ಮೆಯಾಗಿತ್ತು. ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಈಗ ನಾಲ್ಕನೇ ವರ್ಷ. ಆ ವಾಕ್ಯದಲ್ಲಿ ನಾನು ಒಪ್ಪಬಹುದಾದ ಪದ ‘ಭದ್ರಾವತಿ’ ಒಂದೇ ಉಳಿದಿದೆ.

ಅದನ್ನು ಮೊದಲು ಅಲುಗಾಡಿಸಿದವರು ನನ್ನ ಸೋದರಮಾವ. ಕಾರ್ಖಾನೆಯಲ್ಲಿ ಪರ್ಮನೆಂಟ್ ಆಗಿದ್ದು ನಿವೃತ್ತರಾದವರು, ಜನ್ನಾಪುರದಲ್ಲಿ ಮನೆ. ಒಂದು ಭಾನುವಾರ ನೋಟ್‌ಬುಕ್ಕು ಹಿಡಿದು ಹೋಗಿ, ಸಂಶೋಧಕಿಯ ಗತ್ತಿನಲ್ಲೇ ಕೇಳಿದೆ: “ಮಾವ, ಸಂಘದ ಚುನಾವಣೇಲಿ ಕೆಂಬಾವುಟದವರಿಗೆ ವೋಟು ಹಾಕ್ತಿದ್ರಿ ಅಂತೀರಿ. ಎಮ್ಮೆಲ್ಲೆ ಚುನಾವಣೇಲಿ ಇನ್ಯಾರಿಗೋ. ಎಂಪಿ ಚುನಾವಣೇಲಿ ಮತ್ತೊಬ್ಬರಿಗೆ. ಇದು ವಿರೋಧಾಭಾಸ ಅನ್ನಿಸ್ಲಿಲ್ವಾ?”

ಮಾವ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: “ನೋಡು ಪುಟ್ಟಿ, ಸಂಘಕ್ಕೆ ಬೋನಸ್ಸು ಕೇಳೋಕೆ ಗಂಟಲಿರೋನು ಬೇಕು. ಎಮ್ಮೆಲ್ಲೆ ಅಂದ್ರೆ ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಬಾಗಿಲು ತೆಗೆಯೋನು. ದೆಹಲೀಗೆ ದೆಹಲೀಲಿ ಮಾತು ನಡೆಯೋನು. ಮೂರೂ ಒಬ್ಬನೇ ಆಗ್ಬೇಕು ಅಂತ ನಿನ್ನ ಯಾವ ಪುಸ್ತಕದಲ್ಲಿದೆ?”

ಯಾವ ಪುಸ್ತಕದಲ್ಲಿದೆ ಎಂಬುದೇ ಈ ಲೇಖನದ ಪ್ರಶ್ನೆ. ಕಾರ್ಮಿಕನಿಗೆ ಒಂದೇ ರಾಜಕೀಯ ಅಸ್ಮಿತೆ ಇರಬೇಕು, ಅದು ಎಲ್ಲ ಕಡೆಯೂ ಒಂದೇ ಬಣ್ಣದಲ್ಲಿ ಕಾಣಬೇಕು, ಕಾಣದಿದ್ದರೆ ಅವನು ದಾರಿ ತಪ್ಪಿದ್ದಾನೆ ಎಂಬ ನಂಬಿಕೆ ನನಗೆ ಎಲ್ಲಿಂದ ಬಂತು? ಶಿವಮೊಗ್ಗದಲ್ಲಿ ಹುಟ್ಟಿ ಕನ್ನಡ ಎಂ.ಎ. ಓದಿದವಳಿಗೆ ಅದು ಬಂದದ್ದು ಸಾಹಿತ್ಯದಿಂದ, ಸಾಹಿತ್ಯದ ಬಗ್ಗೆ ನಮ್ಮ ತರಗತಿಗಳು ಮಾತಾಡುವ ರೀತಿಯಿಂದ.

ಶಿವಮೊಗ್ಗ ಜಿಲ್ಲೆ ಎಂದರೆ ಕನ್ನಡ ವಿಮರ್ಶೆಗೆ ಸಮಾಜವಾದದ ತವರು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳವಾಗಿ ಶುರುವಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹವಾದ ಹೋರಾಟ, ಅಲ್ಲಿಗೆ ಬಂದು ಬಂಧನಕ್ಕೊಳಗಾದ ಲೋಹಿಯಾ, ಶಾಂತವೇರಿ ಗೋಪಾಲಗೌಡರು, 1980ರಲ್ಲಿ ಇಲ್ಲಿ ಹುಟ್ಟಿದ ರೈತಸಂಘ. ಇವುಗಳ ಜೊತೆಗೆ ಅನಂತಮೂರ್ತಿ, ಲಂಕೇಶ್, ತೇಜಸ್ವಿ. ಈ ಸಾಲನ್ನು ನಾವು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಸಾಲು ಸುಳ್ಳಲ್ಲ. ಆದರೆ ಅದರಲ್ಲಿ ದುಡಿಮೆ ಎಂದರೆ ನೆಲದ ದುಡಿಮೆ, ದುಡಿಯುವವನು ಎಂದರೆ ಗೇಣಿದಾರ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರೂ ಆಗದ ಭದ್ರಾವತಿಯಲ್ಲಿ ಅದೇ ಹೊತ್ತಿಗೆ ಸಾವಿರಾರು ಜನ ಮೂರು ಪಾಳಿಯಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ನಾನು ಎಂ.ಎ. ಓದಿದ ಎರಡು ವರ್ಷದಲ್ಲಿ ಆ ಕುಲುಮೆಯ ಹೆಸರು ತರಗತಿಯಲ್ಲಿ ಬಂದ ನೆನಪಿಲ್ಲ.

ಅನಂತಮೂರ್ತಿಯವರ ‘ಅವಸ್ಥೆ’ಯನ್ನು (1978) ಈ ದೃಷ್ಟಿಯಿಂದ ಮತ್ತೆ ಓದಿದೆ. ಗೋಪಾಲಗೌಡರ ಛಾಯೆಯಿರುವ ಕೃಷ್ಣಪ್ಪಗೌಡ ದನ ಕಾಯುವ ಹುಡುಗನಾಗಿ ಆರಂಭಿಸಿ ರೈತನಾಯಕನಾಗುತ್ತಾನೆ. ಅವನೊಳಗೆ ಭಕ್ತಿ, ಕಾಮ, ಅಹಂಕಾರ, ಕ್ರಾಂತಿ ಎಲ್ಲವೂ ಒಟ್ಟಿಗೆ ಕುದಿಯುತ್ತವೆ, ಯಾವುದೂ ಇನ್ನೊಂದನ್ನು ಪೂರ್ತಿ ನುಂಗುವುದಿಲ್ಲ. ಕಾದಂಬರಿಯ ಶಕ್ತಿ ಇರುವುದೇ ಅಲ್ಲಿ. ಆದರೆ ಅವನಿಗೆ ಕ್ರಾಂತಿಯ ಪಾಠ ಹೇಳುವ ಅಣ್ಣಾಜಿ ಹೊರಗಿನಿಂದ ತಲೆಮರೆಸಿಕೊಂಡು ಬರುತ್ತಾನೆ, ಪೊಲೀಸರ ಕೈಯಲ್ಲಿ ಸಾಯುತ್ತಾನೆ. ಮಾರ್ಕ್ಸ್‌ವಾದ ಈ ನೆಲಕ್ಕೆ ಬರುವ ಅತಿಥಿ, ಇಲ್ಲಿ ಸಂಸಾರ ಹೂಡಿದ್ದಲ್ಲ ಎಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಇದು ಕಾದಂಬರಿಯ ದೋಷವೆಂದು ನಾನು ಹೇಳುತ್ತಿಲ್ಲ. ಕಾದಂಬರಿ ತನ್ನ ಜಗತ್ತನ್ನು ಆರಿಸಿಕೊಳ್ಳುತ್ತದೆ. ಆ ಜಗತ್ತನ್ನೇ ಇಡೀ ಜಿಲ್ಲೆಯ ರಾಜಕೀಯ ಆತ್ಮಚರಿತ್ರೆ ಎಂದು ಓದಿದ್ದು ನಮ್ಮ ತಪ್ಪು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘದ ರಾಜಕಾರಣವನ್ನು ಹಿಡಿದದ್ದು ನಿಜ. ಆದರೆ ಅದರ ಊರು ಮುಂಬೈ. ಹೀಗಾಗಿ ನಮ್ಮ ಓದಿನಲ್ಲಿ ಒಂದು ಹಂಚಿಕೆ ಆಗಿಹೋಯಿತು: ಮಲೆನಾಡಿಗೆ ರೈತ, ಮಹಾನಗರಕ್ಕೆ ಕಾರ್ಮಿಕ.

ಹಾಗಾದರೆ ಭದ್ರಾವತಿ ಎಲ್ಲಿ ಕಾಣಿಸುತ್ತದೆ? ಸರ್ ಎಂ. ವಿಶ್ವೇಶ್ವರಯ್ಯನವರ ಜೀವನಚರಿತ್ರೆಯಲ್ಲಿ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಕಬ್ಬಿಣದ ಕಾರ್ಖಾನೆಗೆ ಮೈಸೂರು ಸರ್ಕಾರ ಕೈಹಾಕಿದ್ದು 1918ರಲ್ಲಿ, ಕುಲುಮೆ ಹೊತ್ತಿದ್ದು 1923ರಲ್ಲಿ. ನಷ್ಟದಲ್ಲಿದ್ದ ಕಾರ್ಖಾನೆಯನ್ನು ದಿವಾನಗಿರಿ ಬಿಟ್ಟ ಮೇಲೆ ಸರ್ ಎಂ.ವಿ. ಕೈಗೆತ್ತಿಕೊಂಡು ನಿಲ್ಲಿಸಿದ ಕತೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಕತೆಯಲ್ಲಿ ಒಬ್ಬ ಶಿಲ್ಪಿ ಇದ್ದಾನೆ, ಒಂದು ಕನಸು ಇದೆ. ದುಡಿದವರು ಆ ಕನಸಿನ ಕೈಕಾಲು. ಒಂದು ಕಡೆ ಸಮಾಜವಾದದ ಕಥನ ಅವರನ್ನು ನೋಡಲಿಲ್ಲ, ಇನ್ನೊಂದು ಕಡೆ ಅಭಿವೃದ್ಧಿಯ ಕಥನ ಅವರನ್ನು ಬಹುವಚನದಲ್ಲಿ ನೋಡಲಿಲ್ಲ.

ಬಹುವಚನ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಕಾರ್ಖಾನೆ ಕಲ್ಲಿದ್ದಲಿಲ್ಲದ ನಾಡಿನಲ್ಲಿ ಇದ್ದಿಲಿನಿಂದ ಕಬ್ಬಿಣ ತೆಗೆಯಲು ಹುಟ್ಟಿದ್ದು. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ, ಇದ್ದಿಲಿಗೆ ಮರ ಸುತ್ತಲಿನ ಕಾಡಿನಿಂದ. ಅಂದರೆ ಕುಲುಮೆಯ ಮುಂದೆ ನಿಂತವನಿಗಿಂತ ಮೊದಲೇ ಗುಡ್ಡ ಅಗೆಯುವವನು, ಮರ ಕಡಿಯುವವನು, ಸೌದೆ ಸಾಗಿಸುವವನು ಇದ್ದ. ಕುಲುಮೆಯವನಿಗೆ ಸೈರನ್ನು, ಪಾಳಿ, ಕ್ವಾರ್ಟರ್ಸು, ಪಿ.ಎಫ್. ಬಂದವು. ಕಾಡಿನವನಿಗೆ ಮೇಸ್ತ್ರಿ ಮಾತ್ರ. ಊರಿಗೆ ಬಂದವರಲ್ಲಿ ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವವರಿದ್ದರು. ಹಳ್ಳಿಯಲ್ಲಿ ಒಂದಿಷ್ಟು ಗದ್ದೆ ಇಟ್ಟುಕೊಂಡೇ ಪಾಳಿಗೆ ಬರುವ ಸುತ್ತಲಿನ ಒಕ್ಕಲು ಮಕ್ಕಳಿದ್ದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಊರಿಗೆ ಇನ್ನೊಂದು ಗೇಟು, ಇನ್ನೊಂದು ಬಡಾವಣೆ. ನ್ಯೂಟೌನಿನವನು, ಪೇಪರ್‌ಟೌನಿನವನು, ಹಳೇನಗರದವನು ಎಂದು ಜನ ಈಗಲೂ ಗುರುತು ಹೇಳುವುದುಂಟು. ಇವರೆಲ್ಲ ‘ಕಾರ್ಮಿಕ’ ಎಂಬ ಒಂದೇ ಪದದೊಳಗೆ ಹೋಗುತ್ತಾರೆ, ನಿಜ. ಆದರೆ ಒಂದೇ ಬಾಗಿಲಿನಿಂದ ಹೋಗುವುದಿಲ್ಲ.

ಚುನಾವಣೆಯ ಫಲಿತಾಂಶ ನೋಡಿ ನಮ್ಮ ವಿಮರ್ಶಕರು ಬೇಸರಿಸಿಕೊಳ್ಳುವುದು ಇಲ್ಲಿಯೇ. 1994ರಿಂದ 2023ರವರೆಗೆ ಭದ್ರಾವತಿ ವಿಧಾನಸಭಾ ಕ್ಷೇತ್ರದ ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರು ಇಬ್ಬರೇ: ಎಂ.ಜೆ. ಅಪ್ಪಾಜಿ ಮತ್ತು ಬಿ.ಕೆ. ಸಂಗಮೇಶ್ವರ. ಅಪ್ಪಾಜಿ ಮೊದಲೆರಡು ಸಲ ಪಕ್ಷೇತರರಾಗಿ ಗೆದ್ದರು, 2013ರಲ್ಲಿ ಜೆಡಿಎಸ್‌ನಿಂದ. ಸಂಗಮೇಶ್ವರ 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನಿಂದ. ಇಲ್ಲಿ ಪಕ್ಷಕ್ಕಿಂತ ಮನೆ ದೊಡ್ಡದು ಎಂದು ಪತ್ರಿಕೆಗಳು ಬರೆಯುತ್ತವೆ. ಒಬ್ಬರ ಹಿಂದೆ ಒಕ್ಕಲಿಗರು, ಇನ್ನೊಬ್ಬರ ಹಿಂದೆ ಲಿಂಗಾಯತರು ಎಂದು ಲೆಕ್ಕ ಹಾಕುತ್ತವೆ. ಬಿಜೆಪಿ ಈ ವಿಧಾನಸಭಾ ಕ್ಷೇತ್ರವನ್ನು ಈವರೆಗೆ ಗೆದ್ದಿಲ್ಲ. ಆದರೆ ಇದೇ ಭದ್ರಾವತಿ ಸೇರಿರುವ ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು 2009ರಿಂದ ಸತತವಾಗಿ ಗೆಲ್ಲುತ್ತಿರುವುದು ಬಿಜೆಪಿ. ಶಿವಮೊಗ್ಗ ನಗರವಂತೂ ಅದರ ಭದ್ರ ನೆಲೆ.

ಇದನ್ನು ಎರಡು ರೀತಿಯಲ್ಲಿ ವಿವರಿಸುವುದು ವಾಡಿಕೆ. ಒಂದು, ಹಿಂದೆ ವರ್ಗಪ್ರಜ್ಞೆ ಇತ್ತು, ಈಗ ಜಾತಿ-ಧರ್ಮ ಅದನ್ನು ನುಂಗಿತು ಎನ್ನುವ ಶೋಕಗೀತೆ. ಎರಡು, ವರ್ಗಪ್ರಜ್ಞೆ ಎಂಬುದು ಇರಲೇ ಇಲ್ಲ, ಎಲ್ಲ ಬುದ್ಧಿಜೀವಿಗಳ ಕಲ್ಪನೆ ಎನ್ನುವ ಗೇಲಿ. ಎರಡೂ ಒಂದೇ ತಪ್ಪು ಮಾಡುತ್ತವೆ ಅನ್ನುವುದು ನನ್ನ ವಾದ. ಎರಡೂ ಒಬ್ಬ ಮನುಷ್ಯನಿಗೆ ಒಂದೇ ಅಸ್ಮಿತೆಯ ಕೋಣೆ ಕೊಡುತ್ತವೆ. ಅಲ್ಲಿ ವರ್ಗ ಇರಬೇಕು ಅಥವಾ ಜಾತಿ ಇರಬೇಕು.

ಇಂಥ ಕಟ್ಟುಕತೆ ಭದ್ರಾವತಿಗೆ ಮಾತ್ರ ಅಂಟಿದ್ದಲ್ಲ. ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್ ಇವತ್ತು ಎಡಪಂಥದ ಕೋಟೆ ಎಂದೇ ಹೆಸರುವಾಸಿ. 1911ರ ಸಾರಿಗೆ ಮುಷ್ಕರದಲ್ಲಿ ಸರ್ಕಾರ ನದಿಗೆ ಯುದ್ಧನೌಕೆಯನ್ನೇ ಕಳಿಸಿತ್ತು. 1980ರ ದಶಕದಲ್ಲಿ ನಗರಸಭೆ ಥ್ಯಾಚರ್ ಸರ್ಕಾರಕ್ಕೇ ಸೆಡ್ಡು ಹೊಡೆಯಿತು. ಆದರೆ ಅದೇ ಊರಿನ ನಗರಸಭೆ ಲೇಬರ್ ಪಕ್ಷದ ಕೈಗೆ ಮೊದಲ ಬಾರಿ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಪ್ರಾಟೆಸ್ಟೆಂಟ್ ಕಾರ್ಮಿಕರಲ್ಲಿ ದೊಡ್ಡ ಪಾಲು ಕನ್ಸರ್ವೇಟಿವ್ ಪಕ್ಷದ ಜೊತೆಗಿತ್ತು. ಐರಿಷ್ ಕ್ಯಾಥೊಲಿಕರು ತುಂಬಿದ್ದ ಒಂದು ಕ್ಷೇತ್ರ 1885ರಿಂದ 1929ರವರೆಗೆ ಟಿ.ಪಿ. ಓಕಾನರ್ ಎಂಬ ಐರಿಷ್ ರಾಷ್ಟ್ರೀಯವಾದಿಯನ್ನೇ ಆರಿಸಿ ಕಳಿಸಿತು. ಹಡಗಿನ ಮಾಲು ಇಳಿಸುವವರು ಒಟ್ಟಿಗೆ ಮುಷ್ಕರ ಹೂಡಬಲ್ಲವರಾಗಿದ್ದರು, ಭಾನುವಾರ ಬೇರೆ ಬೇರೆ ಚರ್ಚಿಗೆ ಹೋಗಿ ಬೇರೆ ಬೇರೆ ಪಕ್ಷಕ್ಕೆ ವೋಟು ಹಾಕಬಲ್ಲವರೂ ಆಗಿದ್ದರು. ‘ಕೆಂಪು ಲಿವರ್‌ಪೂಲ್’ ಎಂಬ ಹಳೆಯ ಕತೆಯನ್ನು ಆಮೇಲಿನವರು ಹಿಂದಕ್ಕೆ ಹೊಲಿದದ್ದು.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಕೋಲಾರ ಚಿನ್ನದ ಗಣಿ ಇದೆ. ಕೆಜಿಎಫ್ ಬೇರೆ ಬೇರೆ ಕಾಲಕ್ಕೆ ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷದವರನ್ನು, ಅಣ್ಣಾ ಡಿಎಂಕೆಯವರನ್ನು ವಿಧಾನಸಭೆಗೆ ಕಳಿಸಿದೆ. ವರ್ಗ, ಅಂಬೇಡ್ಕರ್, ತಮಿಳು: ಮೂರೂ ಒಂದೇ ಗಣಿಯೊಳಗೆ ಇಳಿಯುತ್ತಿದ್ದ ಅದೇ ಜನರ ಮೂರು ಮಾತುಗಳು. ಇದರಲ್ಲಿ ಯಾವುದು ನಿಜವಾದ ಅಸ್ಮಿತೆ ಎಂದು ಕೇಳಿದರೆ ಮೂರನೇ ಎರಡು ಭಾಗ ಸುಳ್ಳು ಎಂದು ಮೊದಲೇ ತೀರ್ಮಾನಿಸಿದಂತೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವಾಗಬೇಕಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯನ್ನು ನೆನಪಿಸಿಕೊಳ್ಳಿ. ಅವನು ಸಿಂಬಾವಿ ಹೆಗ್ಗಡೆಯವರ ಜೀತದಾಳು, ಒಡೆಯನ ಕೆಲಸಕ್ಕೆ ಕಾಡುಮೇಡು ಅಲೆಯುವ ನಂಬುಗೆಯ ಆಳು. ಅದೇ ಗುತ್ತಿ ಇನ್ನೊಬ್ಬ ಒಡೆಯನ ಹಟ್ಟಿಯ ತಿಮ್ಮಿಯನ್ನು, ಆ ಒಡೆಯನ ಅಪ್ಪಣೆ ಮೀರಿ, ಹಾರಿಸಿಕೊಂಡು ಹೋಗುತ್ತಾನೆ. ಗುತ್ತಿ ನಿಷ್ಠನೋ ಬಂಡಾಯಗಾರನೋ? ತರಗತಿಯಲ್ಲಿ ಈ ಪ್ರಶ್ನೆ ಬಂದರೆ ಯಾವ ಒಳ್ಳೆಯ ಮೇಷ್ಟ್ರೂ ಒಂದನ್ನು ಆರಿಸು ಎನ್ನುವುದಿಲ್ಲ. ಅವನ ಒಡೆಯ, ಅವನ ನಾಯಿ ಹುಲಿಯ, ಅವನ ತಿಮ್ಮಿ, ಅವನ ಕೇರಿ, ಪ್ರತಿಯೊಂದರ ಎದುರೂ ಗುತ್ತಿ ಬೇರೆಯೇ ಗುತ್ತಿ, ಆದರೂ ಒಬ್ಬನೇ. ಕಾದಂಬರಿಯ ಪಾತ್ರಕ್ಕೆ ನಾವು ಕೊಡುವ ಈ ಮರ್ಯಾದೆಯನ್ನು ಭದ್ರಾವತಿಯ ಮತದಾರನಿಗೆ ಕೊಡುವುದಿಲ್ಲ. ಗುತ್ತಿ ಸಂಕೀರ್ಣ, ನನ್ನ ಮಾವ ಗೊಂದಲದವರು! ಸಿನಾಪ್ಸಿಸ್ ಬರೆಯುವಾಗ ನಾನು ಮಾಡಿದ್ದು ಇದನ್ನೇ.

ಇಷ್ಟಕ್ಕೇ ನಿಲ್ಲಿಸಿದರೆ ಮಾವನ ಮಾತನ್ನೇ ಸಿದ್ಧಾಂತ ಮಾಡಿದಂತಾಗುತ್ತದೆ. ಮೂರು ವೋಟಿನ ಜಾಣತನಕ್ಕೆ ಒಂದು ಮಿತಿಯಿದೆ, ಆ ಮಿತಿಯನ್ನು ಇತಿಹಾಸವೇ ತೋರಿಸಿದೆ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರೊಳಗೆ ವಿಲೀನವಾಯಿತು. ಅಂದಿನಿಂದ ಅದರ ಹಣೆಬರಹ ಬರೆಯುವ ಮೇಜು ದೆಹಲಿಯಲ್ಲಿ. ರಾತ್ರಿ ಹನ್ನೆರಡಕ್ಕೆ ಬಾಗಿಲು ತೆಗೆಯುವ ಶಾಸಕ ಆ ಮೇಜಿನ ಹತ್ತಿರ ಸುಳಿಯಲಾರ. ಬೋನಸ್ಸಿಗೆ ಗಂಟಲೆತ್ತುವ ಸಂಘಕ್ಕೆ ಬೋನಸ್ಸೇ ಇಲ್ಲದ ಕಾಲಕ್ಕೆ ಏನು ಕೇಳಬೇಕೆಂಬುದು ತಿಳಿಯದು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಮುಂದಿನ ತಿಂಗಳೇ, ಕುವೆಂಪು ಹೆಸರಿನ ವಿಮಾನ ನಿಲ್ದಾಣ ಶಿವಮೊಗ್ಗದಲ್ಲಿ ಉದ್ಘಾಟನೆಯಾಯಿತು. ಚುನಾವಣೆ ಹತ್ತಿರವಿತ್ತು, ಕಾರ್ಖಾನೆ ಉಳಿಯಬಾರದು ಎಂದು ಮಾತಾಡಿದ ಪಕ್ಷವಂತೂ ನನಗೆ ಕಾಣಲಿಲ್ಲ. ಆಗಸ್ಟಿನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲೇ ನಿಂತಿತ್ತು.

ಆ ಧರಣಿಯ ದಿನಗಳಲ್ಲಿ ಮಾವನನ್ನು ಮತ್ತೆ ಕೇಳಿದೆ: “ನಿಮ್ಮ ಕಾಲದ ಸಂಘದ ಚುನಾವಣೇಲಿ ಗುತ್ತಿಗೆಯವರಿಗೆ ವೋಟಿತ್ತಾ?” ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವರದ್ದು ಬೇರೆ ಕಣೇ” ಅಂದರು. ಆಮೇಲೆ ಎದ್ದು ಹಿತ್ತಲಿಗೆ ಹೋದರು.

ನನ್ನ ಅಧ್ಯಯನದ ಗಂಟು ಬಿಚ್ಚಿದ್ದು ಆ ‘ಬೇರೆ’ ಎಂಬ ಪದದಲ್ಲಿ. ಜಾತಿ ಬಂದು ವರ್ಗವನ್ನು ಒಡೆಯಿತು ಎಂದು ನಾವು ಹೇಳುತ್ತೇವೆ. ಆದರೆ ವರ್ಗದೊಳಗೇ ಒಂದು ಗೋಡೆ ಮೊದಲಿನಿಂದಲೂ ಇತ್ತು. ಪರ್ಮನೆಂಟ್ ಎಂಬುದು ನೌಕರಿಯ ಬಗೆ ಮಾತ್ರ ಆಗಿರಲಿಲ್ಲ. ಹೆಣ್ಣು ಕೊಡುವಾಗ ಕೇಳುವ, ಲಗ್ನಪತ್ರಿಕೆಯಲ್ಲಿ ಹೆಸರಿನ ಕೆಳಗೆ ಅಚ್ಚಾಗುವ, ಪದವಿಯಂಥ ಗುರುತು. ಇದ್ದಿಲಿನ ಕಾಲದಲ್ಲಿ ಕಾಡಿನ ಕೂಲಿಯವನು ಗೋಡೆಯ ಆಚೆಗಿದ್ದ, ನಮ್ಮ ಕಾಲದಲ್ಲಿ ಗುತ್ತಿಗೆಯವನು. ಲಿವರ್‌ಪೂಲಿನಲ್ಲೂ ಹಡಗುಕಟ್ಟೆಯ ಕೂಲಿಗಳು 1967ರವರೆಗೆ ದಿನಗೂಲಿಯ ಲೆಕ್ಕದಲ್ಲಿದ್ದವರು, ಬೆಳಿಗ್ಗೆ ಸಾಲಿನಲ್ಲಿ ನಿಂತು ಮೇಸ್ತ್ರಿಯ ಬೆರಳಿಗೆ ಕಾಯುತ್ತಿದ್ದವರು. ಯಾರ ಕೆಲಸಕ್ಕೆ ನಾಳೆಯ ಖಾತ್ರಿ ಇಲ್ಲವೋ ಅವರು ಚರ್ಚಿನವರನ್ನೋ ಜಾತಿಯವರನ್ನೋ ಊರಿನವರನ್ನೋ ನೆಚ್ಚಿದರೆ ಅದು ಪ್ರಜ್ಞೆಯ ಕೊರತೆಯಲ್ಲ. ನಾಳೆ ಕೆಲಸ ಸಿಗುವ ದಾರಿ ಅದೇ ಆಗಿರುತ್ತದೆ.

ಇನ್ನೊಂದು ಗೋಡೆ ನಮ್ಮ ಪ್ರಗತಿಪರ ಪರಂಪರೆಯದ್ದೇ. ಕಾಗದ ಕಾರ್ಖಾನೆಗೆಂದು ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯಾ, ನೀಲಗಿರಿ ನೆಡುತೋಪುಗಳ ಗುತ್ತಿಗೆ 2020ರಲ್ಲಿ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ನಡೆಯಿತು. ರೈತರು, ಪರಿಸರದವರು, ಬರಹಗಾರರು ಸೇರಿದ್ದ ಆ ಹೋರಾಟದ ಜೊತೆ ನಾನೂ ಇದ್ದೆ, ಈಗಲೂ ಅದು ಸರಿಯೆಂದೇ ನಂಬಿದ್ದೇನೆ. ಆದರೆ ಕಾರ್ಖಾನೆ ಮತ್ತೆ ತೆರೆಯಬೇಕೆಂದು ಕಾದಿದ್ದ ಪೇಪರ್‌ಟೌನಿನ ಮನೆಗಳಿಗೆ ಆ ಘೋಷಣೆ ಹೇಗೆ ಕೇಳಿಸಿರಬಹುದು ಎಂದು ಆ ದಿನಗಳಲ್ಲಿ ನಾನು ಯೋಚಿಸಲಿಲ್ಲ. 1981ರಿಂದ ಈ ಕಾರ್ಖಾನೆ ಪತ್ರಿಕಾ ಕಾಗದ ತಯಾರಿಸುತ್ತಿತ್ತು. ಊರೂರಿನ ಹೋರಾಟಗಳ ಸುದ್ದಿ ಅಚ್ಚಾಗುವುದು ಅಂಥ ಕಾಗದದ ಮೇಲೆಯೇ. ಅದನ್ನು ಮಾಡಿದವರು ಆ ಸುದ್ದಿಯಲ್ಲಿ ಎದುರಾಳಿಗಳಾಗಿ ಕೂಡ ಬರಲಿಲ್ಲ. ಕಾಡು ಬೇಕೆಂಬ ಶಿವಮೊಗ್ಗಕ್ಕೂ ಕೆಲಸ ಬೇಕೆಂಬ ಭದ್ರಾವತಿಗೂ ನಡುವೆ ಒಂದು ಮಾತುಕತೆ ಆಗಬೇಕಿತ್ತು. ರೈತ ಮತ್ತು ಕಾರ್ಮಿಕ ಸಹಜವಾಗಿಯೇ ಒಂದೇ ಎಂಬ ನಮ್ಮ ಸಮಾಧಾನ ಅದನ್ನು ಆಗಗೊಡಲಿಲ್ಲ.

ಕೊನೆಗೆ, ನಾನು ವಾರಕ್ಕೆ ಎರಡು ಸಲ ಹತ್ತುವ ಶಿವಮೊಗ್ಗ-ಭದ್ರಾವತಿ ಬಸ್ಸಿನ ವಿಷಯ. ಸಂಜೆ ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಹೆಂಗಸರ ಸಾಲು. ಟಿಫನ್ ಡಬ್ಬಿಯ ಚೀಲ, ಕೊರಳಲ್ಲಿ ಗುರುತಿನ ಚೀಟಿ, ಮೊಬೈಲಿನಲ್ಲಿ ಮನೆಗೆ ಅಕ್ಕಿ ನೆನೆಹಾಕಲು ಹೇಳುವ ದನಿ. ಈ ರಸ್ತೆಯಲ್ಲಿ ಇಂದು ಪಾಳಿ, ಗೇಟು, ಹಾಜರಿ ಎಂಬ ಪದಗಳನ್ನು ದಿನಾ ಬಳಸುವವರು ಇವರು. ಆದರೆ ನಾನು ಮಾತಾಡಿಸಿದವರಲ್ಲಿ ಒಬ್ಬರೂ ತಮ್ಮನ್ನು ಕಾರ್ಮಿಕರು ಎಂದು ಕರೆದುಕೊಳ್ಳಲಿಲ್ಲ. ‘ಗಾರ್ಮೆಂಟ್ಸಿಗೆ ಹೋಗ್ತೀನಿ’ ಅನ್ನುತ್ತಾರೆ, ಅಷ್ಟೇ. ‘ಕಾರ್ಮಿಕ’ ಎಂದೊಡನೆ ಅವರ ಕಣ್ಣಿಗೂ ಬರುವುದು ಕುಲುಮೆಯ ಮುಂದಿನ ಗಂಡಸು, ಅವರ ಅಪ್ಪನೋ ಮಾವನೋ. ಒಬ್ಬಾಕೆಯನ್ನು ನಿಮ್ಮ ರಾಜಕೀಯ ಏನು ಎಂದು ಕೇಳಿದ್ದಕ್ಕೆ ಆಕೆ ನಕ್ಕು, “ಸ್ತ್ರೀಶಕ್ತಿ ಸಂಘದ ಸಾಲ ಬೇರೆ, ವೋಟು ಬೇರೆ, ಲೈನಿನಲ್ಲಿ ಸೂಪರ್‌ವೈಸರ್ ಜೊತೆ ಜಗಳ ಬೇರೆ. ನೀವು ಯಾವುದನ್ನ ಕೇಳ್ತಿದೀರ ಅಕ್ಕ?” ಅಂದಳು.

ಮಾವ ಹೇಳಿದ್ದೂ ಸುಮಾರಾಗಿ ಇದನ್ನೇ. ವ್ಯತ್ಯಾಸವೆಂದರೆ ಮಾವನ ಮೂರು ಬಾಗಿಲಿಗೂ ಒಳಗಿನಿಂದ ಓಗೊಡುವವರಿದ್ದರು. ಈಕೆಯ ಜಗಳಕ್ಕೆ ಇನ್ನೂ ಸಂಘವಿಲ್ಲ, ಕಾದಂಬರಿಯೂ ಇಲ್ಲ. ಕಳೆದುಹೋದ ವರ್ಗಪ್ರಜ್ಞೆಯನ್ನು ಹುಡುಕುತ್ತ ಕೂತರೆ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತು ಕಂಬಿ ಹಿಡಿದಿರುವವಳು ಕಾಣುವುದಿಲ್ಲ ಎಂಬುದೇ ಆ ಕಟ್ಟುಕತೆಯಿಂದ ಆಗಿರುವ ನಿಜವಾದ ನಷ್ಟ.

ಕಳೆದ ತಿಂಗಳು ಮಾರ್ಗದರ್ಶಕರಿಗೆ ಮೊದಲ ಪುಟ ತಿದ್ದಿ ಕೊಟ್ಟೆ. ಈಗ ಅಲ್ಲಿರುವ ವಾಕ್ಯ ಹೀಗಿದೆ: ‘ಭದ್ರಾವತಿಯಲ್ಲಿ ದುಡಿದವರು, ದುಡಿಯುತ್ತಿರುವವರು ಯಾವ ಯಾವ ಜಾಗದಲ್ಲಿ ತಮ್ಮನ್ನು ಏನೆಂದು ಕರೆದುಕೊಂಡರು, ಯಾರನ್ನು ಬೇರೆ ಎಂದರು ಎಂಬುದನ್ನು ಈ ಅಧ್ಯಯನ ಗಮನಿಸುತ್ತದೆ.’ ಅವರು ಓದಿ, “ಇದರಲ್ಲಿ ವಾದ ಎಲ್ಲಿದೆ?” ಎಂದು ಕೇಳಿದರು. ಬಹುವಚನದಲ್ಲಿದೆ ಸರ್, ಅಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ಅಧ್ಯಾಯ ತಂದು ತೋರಿಸು ಎಂದಿದ್ದಾರೆ.